ಮಾಮನಿಗೆ ಪ್ರವೇಶವಿಲ್ಲ

ನಮ್ಮ ಕಾಲೇಜಿನ ಇತಿಹಾಸ ವಿಭಾಗ ಮೊದಲು ಕುದುರೆ ಲಾಯವಾಗಿತ್ತು. ಬಳ್ಳಾರಿಯಲ್ಲಿ ಬ್ರಿಟಿಷರ ದಂಡು ಇದ್ದ ಕಾಲದ ಉದ್ದನೆಯ ಕಲ್ಲಿನ ಕಟ್ಟಡ ಅದು. ಕುದುರೆಗಳನ್ನು ಕಟ್ಟುತ್ತಿದ್ದ ಕಬ್ಬಿಣದ ಬಳೆಗಳು ಗೋಡೆಯಲ್ಲಿ ಇವತ್ತಿಗೂ ಇವೆ. ಹುಡುಗಿಯರು ಅವಕ್ಕೆ ಬುತ್ತಿ ಚೀಲ ನೇತುಹಾಕುತ್ತಿದ್ದರು. ಊರಿನ ಹತ್ತಿ ವ್ಯಾಪಾರಿಗಳೂ ಕೆಲವು ವಕೀಲರೂ ಸೇರಿ, ನಮ್ಮ ಹೆಣ್ಣುಮಕ್ಕಳಿಗೂ ಒಂದು ಕಾಲೇಜು ಬೇಕೆಂದು ಹಠ ಹಿಡಿದು ಈ ಜಾಗ ಪಡೆದರಂತೆ. ಆಫೀಸರುಗಳಿದ್ದ ಬಂಗಲೆ ಪ್ರಿನ್ಸಿಪಾಲರ ಕೋಣೆಯಾಯಿತು, ಅಡುಗೆಮನೆ ಗ್ರಂಥಾಲಯವಾಯಿತು, ಕುದುರೆಗಳ ಜಾಗ ಇತಿಹಾಸದವರಿಗೆ ಬಂತು.

ಒಬ್ಬ ಪ್ರಿನ್ಸಿಪಾಲರಿಗೆ ಈ ಲಾಯದ ಸಂಗತಿ ಭಾರೀ ಅವಮಾನ. ಅತಿಥಿಗಳು ಬಂದರೆ, ‘ಇದು ಅಧಿಕಾರಿಗಳ ವಾಚನಾಲಯವಾಗಿತ್ತು’ ಎಂದು ಹೇಳಿಬಿಡುತ್ತಿದ್ದರು. ಒಮ್ಮೆ ಒಬ್ಬ ಅತಿಥಿ ಗೋಡೆಯ ಬಳೆಯನ್ನು ಹಿಡಿದೆಳೆದು, ‘ಹಾಗಾದರೆ ಇದೇನು?’ ಎಂದು ಕೇಳಿದರು. ಪ್ರಿನ್ಸಿಪಾಲರು ನನ್ನ ಮುಖ ನೋಡಿದರು. ನಾನು ಸಂಬಳ ತೆಗೆದುಕೊಳ್ಳುತ್ತಿದ್ದದ್ದು ಇತಿಹಾಸ ಹೇಳುವುದಕ್ಕೆ. ‘ಓದುತ್ತಾ ಓಡಿಹೋಗಬಾರದೆಂದು ಕಟ್ಟುತ್ತಿದ್ದರು ಸರ್’ ಎಂದೆ. ಆ ವರ್ಷ ನನಗೆ ಪರೀಕ್ಷೆ, ಕ್ರೀಡೆ, ಶೌಚಾಲಯ ಸ್ವಚ್ಛತೆ, ಎಲ್ಲ ಸಮಿತಿಗಳಲ್ಲೂ ಸ್ಥಾನ ಸಿಕ್ಕಿತು.

ನಮ್ಮ ಕಾಲೇಜಿನ ಚರಿತ್ರೆ ತಿಳಿಯಬೇಕಾದವರು ಆಫೀಸಿಗೆ ಹೋಗಬೇಕಾಗಿಲ್ಲ, ಕಾಂಪೌಂಡ್ ಗೋಡೆಯನ್ನು ನೋಡಿದರೆ ಸಾಕು. ತಳದಲ್ಲಿ ಸೊಂಟದೆತ್ತರ ಕರಿಕಲ್ಲು ಇದೆ, ಅದು ಸ್ಥಾಪಕರ ಕಾಲದ್ದು. ಅವರಿಗೆ ದನಗಳ ಭಯ ಮಾತ್ರ ಇತ್ತು. ಅದರ ಮೇಲೆ ಇಟ್ಟಿಗೆ. ಎದುರಿಗೆ ಹುಡುಗರ ಹಾಸ್ಟೆಲ್ ಆದಾಗ ಏರಿಸಿದ್ದು. ಅದರ ಮೇಲೆ ಗಾಜಿನ ಚೂರು, ಆಮೇಲೆ ಮುಳ್ಳುತಂತಿ, ಈಗ ಕ್ಯಾಮೆರಾ. ಹೊರಗಿನವರು ಒಳಗೆ ಬರಬಾರದೆಂದು ಪ್ರತಿ ಪ್ರಿನ್ಸಿಪಾಲರೂ ಗೋಡೆಗೆ ಏನಾದರೊಂದು ಸೇರಿಸಿದರು. ಒಳಗಿದ್ದವಳನ್ನು ಮುಂಬಾಗಿಲಿನಿಂದಲೇ, ಅಕ್ಷತೆ ಹಾಕಿ, ಎಲ್ಲರೆದುರು ಕರೆದೊಯ್ಯುವವರಿಗೆ ಮಾತ್ರ ಯಾರೂ ಗೋಡೆ ಕಟ್ಟಲಿಲ್ಲ.

ಹೊಸದಾಗಿ ಕೆಲಸಕ್ಕೆ ಸೇರಿದ ಇಬ್ಬರು ಮೊನ್ನೆ ಮನೆಗೆ ಬಂದಿದ್ದರು. ‘ಮೇಡಂ, ಸಿಲಬಸ್ ಮುಗಿಸುವುದು ಹೇಗೆ?’ ಎಂದು ಕೇಳಿದರು. ಸಿಲಬಸ್ ತಾನಾಗಿ ಮುಗಿಯುತ್ತದೆ ಮಕ್ಕಳೇ, ಅದರ ಚಿಂತೆ ಬೇಡ. ಮಹಿಳಾ ಕಾಲೇಜಿನಲ್ಲಿ ನಮ್ಮ ನಿಜವಾದ ಕೆಲಸ ಬೇರೆಯೇ ಇದೆ. ಮೊದಲ ವರ್ಷ ಸೇರಿದ ಹುಡುಗಿಯನ್ನು ಮೂರನೆಯ ವರ್ಷದ ಕೊನೆಯ ಪರೀಕ್ಷೆಯವರೆಗೆ ಉಳಿಸಿಕೊಳ್ಳುವುದು. ‘ಮದುವೆ ಆದಮೇಲೂ ಪರೀಕ್ಷೆ ಬರೆಯಬಹುದಲ್ಲ’ ಎನ್ನುವ ಮಾತು ಕೇಳಿ ಕೇಳಿ ನನ್ನ ಕಿವಿ ತೂತುಬಿದ್ದಿದೆ. ಹಾಗೆ ಹೋದವರ ಹಾಲ್ ಟಿಕೆಟುಗಳು ಯಾರೂ ಒಯ್ಯದೆ ಆಫೀಸಿನ ಡ್ರಾಯರಿನಲ್ಲಿ ಬಿದ್ದಿರುತ್ತಿದ್ದವು.

ಸೇರಿಸಿಕೊಳ್ಳುವುದೂ ಸುಲಭವಿರಲಿಲ್ಲ ಅನ್ನಿ. ಪ್ರತಿ ಬೇಸಿಗೆಯಲ್ಲಿ ನಾವು ಲೆಕ್ಚರರುಗಳು ಕರಪತ್ರ ಹಿಡಿದು ಊರೂರು ತಿರುಗಬೇಕಿತ್ತು. ಸಿರುಗುಪ್ಪದ ಒಂದು ರೈಸ್‌ಮಿಲ್ಲಿನ ಮುಂದೆ ಹೆಣ್ಣುಮಗಳ ತಂದೆಯೊಬ್ಬರಿಗೆ ಬಿಸಿಲಿನಲ್ಲಿ ನಿಂತು ಬಿ.ಎ.ಯ ಮಹಿಮೆಯನ್ನೆಲ್ಲ ಹೇಳಿದೆ. ಆತ ಸಾವಧಾನವಾಗಿ ಕೇಳಿಸಿಕೊಂಡ.

‘ಆರ್ಟ್ಸ್ ಅಂದ್ರ ಚಿತ್ರಾ ತಗಿಯೋದೇನ್ರಿ?’

‘ಅಲ್ಲಪ್ಪಾ, ಇತಿಹಾಸ, ಕನ್ನಡ, ರಾಜ್ಯಶಾಸ್ತ್ರ.’

‘ಹಂಗಾರ ಬ್ಯಾಡ್ರಿ. ಚಿತ್ರಾ ಆಗಿದ್ರ ಮಿಲ್ಲಿನ ಬೋರ್ಡಾದ್ರೂ ಬರೀತಿದ್ಲು.’

ಆದರೂ ಅದೇ ಓಡಾಟದಲ್ಲಿ ಸಿರುಗುಪ್ಪದ ಪಕ್ಕದ ಹಳ್ಳಿಯಿಂದ ನಮಗೆ ರೇಣುಕಾ ಸಿಕ್ಕಳು. ಗದ್ದೆ ಕೆಲಸದ ಮನೆಯ ಹುಡುಗಿ. ತಾಯಿಯ ತವರು ಕುರುಗೋಡು. ನಮ್ಮ ಹಾಸ್ಟೆಲಿನಲ್ಲೇ ಉಳಿದು ಓದುತ್ತಿದ್ದಳು. ಪಾಠದ ನಡುವೆ ಕೈ ಎತ್ತಿ, ‘ರಾಜರು ಗೆದ್ದಿದ್ದು ಹೇಳಿದ್ರಿ, ಸೋತವರ ಮನ್ಯಾಗಿನ ಹೆಂಗಸರು ಏನಾದ್ರು?’ ಎಂದು ಕೇಳಿದವಳು ನನ್ನ ಸರ್ವಿಸಿನಲ್ಲಿ ಅವಳೊಬ್ಬಳೇ. ಇವಳು ಎಂ.ಎ. ಮಾಡಬೇಕು, ನಾನು ನಿವೃತ್ತಳಾಗುವ ಹೊತ್ತಿಗೆ ನನ್ನ ಕುರ್ಚಿಗೆ ಬರಬೇಕು ಎಂದು ನಾನು ಮನಸ್ಸಿನಲ್ಲೇ ಮಂಡಿಗೆ ತಿನ್ನುತ್ತಿದ್ದೆ. ಅವಳು ಮೂರನೆಯ ವರ್ಷಕ್ಕೆ ಬಂದಾಗ ನಮಗೆ ಹೊಸ ಪ್ರಿನ್ಸಿಪಾಲರು ಬಂದರು.

ವಾರಿಜಾ ಮೇಡಂ ಕರಾವಳಿಯವರು. ಬಹಳ ಒಳ್ಳೆಯವರು, ಬಹಳ ಶಿಸ್ತು, ಬಳ್ಳಾರಿ ಬಿಸಿಲಿಗೆ ಬಹಳ ಹೆದರಿದವರು. ನಮ್ಮ ಹಾಸ್ಟೆಲ್ ಹುಡುಗಿಯರನ್ನು ನೋಡಲು ಭಾನುವಾರ ಬಂಧುಗಳು ಬರುವ ಪದ್ಧತಿ. ಗೇಟಿನಲ್ಲಿ ಕೌಲ್ ಬಜಾರಿನ ಖಾಸಿಂ ಸಾಬ್ ವಾಚ್‌ಮನ್. ಬಂದವರನ್ನು ಸಾಲಾಗಿ ನಿಲ್ಲಿಸುವುದು, ಹುಡುಗಿಯನ್ನು ಕೂಗಿ ಕರೆಯುವುದು, ‘ಯಾರವ್ವ ಇವ್ರು?’ ಎಂದು ಕೇಳುವುದು ಅವರ ಕೆಲಸ. ಹುಡುಗಿ ಎಲ್ಲರಿಗೂ ಕೇಳುವಂತೆ ಗಟ್ಟಿಯಾಗಿ ಸಂಬಂಧ ಹೇಳಬೇಕು. ಇದಕ್ಕೆ ‘ಗುರುತು ಹೇಳುವುದು’ ಎನ್ನುತ್ತಿದ್ದರು. ಉಸ್ತುವಾರಿಗೆ ಒಬ್ಬ ಲೆಕ್ಚರರು ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂರಬೇಕು. ಶಿಸ್ತು ಸಮಿತಿಯಲ್ಲೂ ನನಗೆ ಸ್ಥಾನ ಸಿಕ್ಕಿದ್ದರಿಂದ ಆ ಕುರ್ಚಿ ನನ್ನದಾಗಿತ್ತು.

ಬಂದ ಮೊದಲ ವಾರವೇ ವಾರಿಜಾ ಮೇಡಂ ನಿಯಮಗಳನ್ನು ತಿದ್ದಿದರು. ತಂದೆ, ತಾಯಿ, ಒಡಹುಟ್ಟಿದವರಿಗೆ ಭಾನುವಾರ ಮಾತ್ರ. ಸೋದರಮಾವನಿಗೆ ವಾರದ ಯಾವ ದಿನವಾದರೂ ಪ್ರವೇಶ.

ನಾನು ಓಡಿಹೋದೆ. ‘ಮೇಡಂ, ಮಾಮಂದಿರಿಗೆ ಯಾವ ದಿನವಾದರೂ ಅಂದರೆ...’

‘ಎಂತದು? ನಮ್ಮಲ್ಲಿ ಮಾವ ಅಂದರೆ ತಂದೆಗಿಂತ ಹೆಚ್ಚು. ಮನೆಯ ಯಜಮಾನನೇ ಅವನು. ಅವನು ಬರುವುದಕ್ಕೆ ದಿನ ಗೊತ್ತು ಮಾಡಲಿಕ್ಕೆ ನಾವು ಯಾರು?’ ಎಂದರು.

ಅವರ ಸೀಮೆಯಲ್ಲಿ ಅದು ಸರಿಯೇ, ತಾಯಿಯ ಕಡೆಯಿಂದ ಮನೆತನ ನಡೆಯುವ ಅಲ್ಲಿ ಸೋದರಮಾವನೊಡನೆ ಮದುವೆ ಎಂಬುದು ಯಾರೂ ಎಣಿಸದ ಮಾತು. ನಮ್ಮ ಕಡೆ ಮಾಮ ಎಂದರೆ ಇನ್ನೊಂದು ಅರ್ಥವೂ ಉಂಟಲ್ಲ! ಅಕ್ಕನ ಮಗಳನ್ನು ತಮ್ಮ ಮದುವೆಯಾಗುವುದು ನಮ್ಮಲ್ಲಿ ಹಿಂದಿನಿಂದ ಬಂದದ್ದು. ಹೆಣ್ಣು ಹುಟ್ಟಿದ ದಿನವೇ ‘ನಿನಗ ಹೆಂಡ್ತಿ ಹುಟ್ಯಾಳಲೇ’ ಎಂದು ಮಾಮನಿಗೆ ಚೇಷ್ಟೆ ಮಾಡುವ ಊರುಗಳಿವು. ಇದನ್ನು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅವರಿಗೆ ಫೋನ್ ಬಂತು, ನನ್ನನ್ನು ಕೈಸನ್ನೆಯಲ್ಲೇ ಕಳಿಸಿಬಿಟ್ಟರು.

ಮುಂದಿನ ವಾರ ನಮ್ಮ ಕ್ಯಾಂಪಸ್ಸಿನ ತುಂಬ ಮಾಮಂದಿರು. ಬೇವಿನ ಮರದ ಕೆಳಗೆ ಮಾಮ, ಗ್ರಂಥಾಲಯದ ಮೆಟ್ಟಿಲ ಮೇಲೆ ಮಾಮ, ಕ್ಯಾಂಟೀನಿನಲ್ಲಿ ಮಂಡಕ್ಕಿ ಒಗ್ಗರಣೆ, ಮಿರ್ಚಿ ಬಜ್ಜಿ ಮುಂದಿಟ್ಟುಕೊಂಡ ಮಾಮ. ಇಸ್ತ್ರಿ ಅಂಗಿ, ಕಪ್ಪು ಕನ್ನಡಕ, ಹೊಸ ಬೈಕು. ಖಾಸಿಂ ಸಾಬ್ ತಲೆಯ ಮೇಲೆ ಕೈ ಹೊತ್ತರು. ‘ಮೇಡಂ, ಭಾಳ ಪರೇಶಾನ್ ಆಗೇತ್ರಿ. ಒಂದೊಂದು ಹುಡುಗಿಗೆ ಮೂರು ಮೂರು ಮಾಮ ಬರಾಕತ್ಯಾರ. ಅವರವ್ವಗ ಇರೋದು ಒಬ್ಬನೇ ತಮ್ಮ ಅಂತ ನನಗ ಗೊತ್ತೈತ್ರಿ!’

ವಾರಿಜಾ ಮೇಡಂ ಕಿಟಕಿಯಿಂದ ನೋಡಿ ಸಂತೋಷಪಟ್ಟರು. ‘ನೋಡಿ, ಹಿರಿಯರಿಗೆ ಎಷ್ಟು ಕಾಳಜಿ! ಇಲ್ಲಿನ ಮಾವಂದಿರು ತುಂಬ ಎಳೆಯರು, ಅಲ್ಲವಾ?’

ಆ ಸಂತೋಷ ಕುರುಗೋಡಿನವರೆಗೆ ಉಳಿಯಿತು. ನಮ್ಮ ವಿಭಾಗದಿಂದ ಅಲ್ಲಿನ ಹಳೆಯ ಗುಡಿಗಳನ್ನು ನೋಡಲು ಹೋಗಿದ್ದೆವು, ಪ್ರಿನ್ಸಿಪಾಲರೂ ಜೊತೆಗೆ ಬಂದರು. ಮಧ್ಯಾಹ್ನದ ಊಟಕ್ಕೆ ರೇಣುಕಾಳ ಅಜ್ಜಿ ಹುಲಿಗೆಮ್ಮ ತಮ್ಮ ಮನೆಗೇ ಬರಹೇಳಿದ್ದರು. ಇಡೀ ತರಗತಿಗೆ ರೊಟ್ಟಿ, ಕಾಳುಪಲ್ಯ, ಶೇಂಗಾ ಚಟ್ನಿ, ಹೋಳಿಗೆ. ಬಡಿಸುತ್ತಿದ್ದವನು ಅಜ್ಜಿಯ ಕಿರಿಯ ಮಗ ವೀರೇಶ, ಭತ್ತ ಕೊಯ್ಯುವ ಯಂತ್ರದ ಡ್ರೈವರು. ರೇಣುಕಾಳಿಗಿಂತ ಏಳೆಂಟು ವರ್ಷ ದೊಡ್ಡವನು, ಸಂಕೋಚದ ಹುಡುಗ. ಯಾರು ಬೇಡವೆಂದರೂ ಕೇಳದೆ ಇನ್ನೊಂದು ಹೋಳಿಗೆ ಹಾಕಿ ಮುಂದೆ ಹೋಗುತ್ತಿದ್ದ.

‘ನೀವು ರೇಣುಕಾಳ ಮಾವನಾ?’ ಎಂದು ವಾರಿಜಾ ಮೇಡಂ ಅವನನ್ನು ಪ್ರೀತಿಯಿಂದ ಮಾತಾಡಿಸಿದರು. ‘ಬುದ್ಧಿವಂತೆ ಹುಡುಗಿ. ಚೆನ್ನಾಗಿ ಓದಿಸಿ. ಆಮೇಲೆ ನೀವೇ ಮುಂದೆ ನಿಂತು ಒಳ್ಳೆಯ ಕಡೆ ನೋಡಿ ಮದುವೆ ಮಾಡಿಸಬೇಕು, ಆಯ್ತಾ?’

ವೀರೇಶನ ಕೈಯಲ್ಲಿದ್ದ ತುಪ್ಪದ ಸೌಟು ಅಲ್ಲೇ ನಿಂತಿತು. ಅಜ್ಜಿ ಒಳಗಿನಿಂದಲೇ ಉತ್ತರ ಕೊಟ್ಟರು. ‘ಬ್ಯಾರೆ ಕಡಿ ಯಾಕ್ರಿ ನೋಡಬೇಕು? ಇವನ ಅದಾನಲ್ರಿ! ಯುಗಾದಿಗಿಂತ ಮೊದಲ ಅಕ್ಕಿಕಾಳು ಹಾಕಿ ಮದವಿ ಮಾಡಿಬಿಡ್ತೀವಿ. ನೀವೂ ಬರಬೇಕು ಮತ್ತ.’

ಮೇಡಂ ಬಾಯಿಯಲ್ಲಿದ್ದ ಹೋಳಿಗೆ ಕೆಳಗಿಳಿಯಲಿಲ್ಲ. ನಾನು ಅವರ ಬೆನ್ನು ತಟ್ಟಿ ನೀರು ಕುಡಿಸಿದೆ. ಹುಡುಗಿಯರು ಸೆರಗಿನಲ್ಲಿ, ದುಪಟ್ಟಾದಲ್ಲಿ ಮುಖ ಮುಚ್ಚಿಕೊಂಡು ನಗುತ್ತಿದ್ದರು. ರೇಣುಕಾ ಎದ್ದು ಹಿತ್ತಲಿಗೆ ಹೋದಳು. ನನಗೂ ಊಟ ಸೇರಲಿಲ್ಲ. ಯುಗಾದಿ ಆದಮೇಲೆ ಅವಳ ಕೊನೆಯ ಪರೀಕ್ಷೆ. ‘ಪರೀಕ್ಷೆ ಮುಗಿಯಲಿ ಅಮ್ಮಾ’ ಎಂದು ಹುಲಿಗೆಮ್ಮನವರನ್ನು ಬೇಡಿಕೊಂಡೆ.

‘ಮದವಿ ಆದಮ್ಯಾಲೆ ಬರೀಲಿ ಬಿಡ್ರಿ, ಯಾರು ಬ್ಯಾಡಂತಾರ? ಗಂಡ ಆಗಾಂವ ಮನಿ ಹುಡುಗ ಅದಾನ’ ಎಂದರು. ನನ್ನ ಕಣ್ಣೆದುರು ಹಾಲ್ ಟಿಕೆಟುಗಳ ಆ ಡ್ರಾಯರು ಬಂತು.

ವಾಪಸು ಬರುವಾಗ ಬಸ್ಸಿನಲ್ಲಿ ವಾರಿಜಾ ಮೇಡಂ ನನ್ನ ಪಕ್ಕ ಬಂದು ಕೂತರು. ಬಳ್ಳಾರಿಯ ಗುಡ್ಡ ಕಾಣಿಸಿದಾಗ ನನ್ನ ಕೈ ಹಿಡಿದು, ‘ಹಾಗಾದರೆ ಕ್ಯಾಂಟೀನಿನಲ್ಲಿ ಕೂತವರೆಲ್ಲ?’ ಎಂದು ಕೇಳಿದರು.

‘ಎಲ್ಲರೂ ಅಲ್ಲ ಮೇಡಂ. ಕೆಲವರು ಬರೀ ಮಾಮಂದಿರೇ.’

‘ಎಂತ ಅವಸ್ಥೆ ಮಾರಾಯ್ರೆ ಇದು!’

ಮರುದಿನ ಗೇಟಿಗೆ ಬೋರ್ಡು ಬಿತ್ತು. ತಂದೆ, ತಾಯಿ, ಅಣ್ಣ, ತಮ್ಮ, ಅಕ್ಕ, ತಂಗಿಗೆ ಮಾತ್ರ ಪ್ರವೇಶ. ಕೆಳಗೆ ಕೆಂಪಕ್ಷರದಲ್ಲಿ, ‘ಮಾಮನಿಗೆ ಪ್ರವೇಶವಿಲ್ಲ.’ ದಾರಿಹೋಕರು ನಿಂತು ಓದಿಕೊಂಡು ನಕ್ಕು ಹೋಗುತ್ತಿದ್ದರು. ಆ ಸಾಲನ್ನಾದರೂ ಅಳಿಸಿ ಎಂದು ನಾನು ಹೇಳಿದರೆ ಮೇಡಂ ಕೇಳಲಿಲ್ಲ.

ಗಂಡುಮಕ್ಕಳಿಗೆ ಇನ್ನು ಒಳಗೆ ಬರಲು ಒಂದೇ ದಾರಿ, ಅಣ್ಣನೋ ತಮ್ಮನೋ ಆಗುವುದು. ಬೇರೆ ಊರಿನಲ್ಲಾಗಿದ್ದರೆ ಹುಡುಗಿಯರು ಅಣ್ಣ ಎಂದು ಸುಳ್ಳು ಹೇಳಿ ಕೆಲಸ ಮುಗಿಸುತ್ತಿದ್ದರು. ನಮ್ಮ ಕಡೆ ಅದು ಆಗದ ಮಾತು. ಮದುವೆಯಾಗಬೇಕಾದ ಗಂಡನ್ನು ನಾಲ್ಕು ಜನರೆದುರು ಅಣ್ಣ ಎಂದು ಕರೆದರೆ ಅಲ್ಲಿಗೆ ಮುಗಿಯಿತು. ಆಮೇಲೆ ತಾಳಿ ಕಟ್ಟಲು ಅವನ ಕೈ ಏಳುವುದಿಲ್ಲ, ಅಕ್ಕಿಕಾಳು ಹಾಕಲು ಹಿರಿಯರ ಕೈ ಏಳುವುದಿಲ್ಲ. ಹೀಗಾಗಿ ಮಾಮಂದಿರು ಗೋಡೆಯಾಚೆ, ಹುಡುಗಿಯರು ಗೋಡೆಯೀಚೆ. ತಿಂಡಿಯ ಪೊಟ್ಟಣಗಳು ಮುಳ್ಳುತಂತಿಯ ಮೇಲಿಂದ ಹಾರಿಬರತೊಡಗಿದವು. ಗುರಿ ತಪ್ಪಿದ ಮಿರ್ಚಿ ಇತಿಹಾಸ ವಿಭಾಗದ ಹೆಂಚಿನ ಮೇಲೆ ಬಿದ್ದು, ಅದಕ್ಕೆ ಕಾಗೆಗಳು ಜಗಳಕ್ಕೆ ನಿಂತು, ನನ್ನ ಪಾಠ ಒಂದಕ್ಷರವೂ ಕೇಳಿಸದಂತಾಯಿತು. ಎಣ್ಣೆಯ ವಾಸನೆಗೆ ನನಗೇ ಹಸಿವಾಗುತ್ತಿತ್ತು.

ಈ ಗದ್ದಲದ ನಡುವೆ ರೇಣುಕಾ ಒಂದು ದಿನ ನನ್ನ ಬಳಿ ಬಂದು, ‘ಮೇಡಂ, ಮುಹೂರ್ತ ಇಟ್ಟಾರ’ ಎಂದಳು. ‘ಅವ್ವಗ ಹೇಳಿದೆ, ಪರೀಕ್ಷಿ ಆಗಲಿ ಅಂತ. ಅಜ್ಜಿ ಕೇಳವಲ್ಲಳು.’

‘ನಿನ್ನ ಮಾಮಗ ಹೇಳು’ ಎಂದೆ.

‘ಮಾಮ ಒಳ್ಳೇವನರಿ. ಅದಕ್ಕ ಹೇಳಾಕ ಬಾಯಿ ಬರವಲ್ದು’ ಎಂದು ಹೇಳಿ ಹೋದಳು. ನಾನು ಪ್ರಿನ್ಸಿಪಾಲರಿಗೆ ಹೇಳಿದೆ, ಅವಳ ತಂದೆಗೆ ಫೋನ್ ಮಾಡಿದೆ. ಅವರು ‘ಅತ್ತಿ ಹೇಳಿದಂಗ್ರಿ’ ಎಂದು ಇಟ್ಟುಬಿಟ್ಟರು.

ಆ ಭಾನುವಾರ ಗೇಟಿನಲ್ಲಿ ಜನ ಕಿಕ್ಕಿರಿದಿತ್ತು. ಸಿರುಗುಪ್ಪದ ಬಸ್ಸು, ಕುರುಗೋಡಿನ ಬಸ್ಸು ಎರಡೂ ಆಗಷ್ಟೇ ಬಂದಿದ್ದವು. ಸಾಲಿನಲ್ಲಿ ಬುತ್ತಿ ಚೀಲ ಹಿಡಿದು ವೀರೇಶ ನಿಂತಿದ್ದ. ಬೋರ್ಡು ಬಿದ್ದ ಸುದ್ದಿ ಅವನಿಗೆ ಗೊತ್ತಿರಲಿಲ್ಲ, ಕೊಯ್ಲಿನ ಕೆಲಸದಲ್ಲಿ ಎಲ್ಲೋ ಇದ್ದನಂತೆ. ಖಾಸಿಂ ಸಾಬ್ ಅವನನ್ನು ವಾಪಸು ಕಳಿಸುವಷ್ಟರಲ್ಲಿ ರೇಣುಕಾ ತಾನೇ ಬಂದು ನಿಂತಳು. ಪದ್ಧತಿಯಂತೆ ಖಾಸಿಂ ಸಾಬ್ ಕೇಳಿದರು.

‘ಯಾರವ್ವ ಇವ್ರು?’

‘ನಮ್ಮಣ್ಣರಿ.’

ಸಾಲಿನಲ್ಲಿದ್ದವರೆಲ್ಲ ಕತ್ತು ತಿರುಗಿಸಿದರು. ಕುರುಗೋಡಿನ ಒಬ್ಬ ಹೆಂಗಸು ಕೈಯಲ್ಲಿದ್ದ ಎಲೆಅಡಿಕೆ ಬಾಯಿಗಿಡದೆ ಹಾಗೇ ನಿಂತಳು. ಖಾಸಿಂ ಸಾಬ್ ಈಗ ಕೌಲ್ ಬಜಾರಿನಲ್ಲಿದ್ದರೂ ಹುಟ್ಟಿದ ಊರು ಕುರುಗೋಡಿನ ಪಕ್ಕವೇ, ಈ ಸಂಬಂಧ ಅವರಿಗೆ ಗೊತ್ತಿತ್ತು. ‘ಬೇಟಿ, ಬರೋಬ್ಬರಿ ನೋಡಿ ಹೇಳು’ ಎಂದರು.

‘ನೋಡೀನ್ರಿ. ನಮ್ಮಣ್ಣ.’

ಖಾಸಿಂ ಸಾಬ್ ವೀರೇಶನ ಕಡೆ ತಿರುಗಿದರು. ‘ಹೌದೇನಪ್ಪಾ?’

ನಾನು ಅವನ ಮುಖವನ್ನೇ ನೋಡುತ್ತಿದ್ದೆ. ಕೂಗಾಡುತ್ತಾನೆ, ಚೀಲ ಎಸೆದು ಹೋಗುತ್ತಾನೆ ಎಂದುಕೊಂಡೆ. ಅವನು ಚೀಲವನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿಕೊಂಡು, ‘ಹೌದ್ರಿ. ನನ್ನ ತಂಗಿ’ ಎಂದ. ಒಳಗೆ ಹೋಗಿ, ಬುತ್ತಿ ಕೊಟ್ಟು, ಐದು ನಿಮಿಷದಲ್ಲಿ ಹೊರಗೆ ಬಂದು ಬಸ್ಸು ಹತ್ತಿದ. ಸುದ್ದಿ ಅವನಿಗಿಂತ ಮೊದಲೇ ಕುರುಗೋಡು ಮುಟ್ಟಿತ್ತು.

ಸೋಮವಾರ ಕಾಲೇಜಿನ ಬಾಗಿಲು ತೆಗೆಯುವ ಮೊದಲೇ ಹುಲಿಗೆಮ್ಮ ಬಂದು ಕೂತಿದ್ದರು. ಜೊತೆಗೆ ವೀರೇಶ, ರೇಣುಕಾಳ ತಂದೆ, ಮತ್ತು ರುಮಾಲು ಸುತ್ತಿದ ಓಣಿಯ ಹಿರಿಯರೊಬ್ಬರು. ಪ್ರಿನ್ಸಿಪಾಲರ ಕೋಣೆಯಲ್ಲಿ ಎಲ್ಲರೂ ಸೇರಿದೆವು. ರೇಣುಕಾ ನನ್ನ ಪಕ್ಕ ನಿಂತಿದ್ದಳು.

‘ನಿಮ್ಮ ಬೋರ್ಡಿನಾಗ ಮಾಮ ಯಾಕಿಲ್ಲ?’ ಎಂದು ಅಜ್ಜಿ ಮೇಜು ಗುದ್ದಿದರು. ‘ನಿಮ್ಮ ರೂಲಿನ ಸಲುವಾಗಿ ನನ್ನ ಮೊಮ್ಮಗಳು ನನ್ನ ಮಗನ್ನ ಅಣ್ಣ ಅಂದಾಳ!’

ವಾರಿಜಾ ಮೇಡಂ ನನ್ನ ಕಿವಿಯಲ್ಲಿ, ‘ಅಣ್ಣ ಅಂದರೆ ಗೌರವ ಅಲ್ಲವಾ? ಗಲಾಟೆ ಎಂತದಕ್ಕೆ?’ ಎಂದರು. ನಾನು ಕಿವಿಯಲ್ಲೇ ವಿವರಿಸಿದೆ. ಅವರ ಮುಖ ಬಿಳಿಚಿಕೊಂಡಿತು. ತಕ್ಷಣ ಪೆನ್ನು ತೆಗೆದು, ‘ಚಿಂತೆ ಬೇಡ, ನಾನು ಕಾಲೇಜಿನ ಸೀಲು ಹಾಕಿ ಬರೆದುಕೊಡುತ್ತೇನೆ. ಸದರಿ ಅಣ್ಣ ಎಂಬ ಪದ ಗೇಟಿನ ಉಪಯೋಗಕ್ಕೆ ಮಾತ್ರ’ ಎಂದರು.

ರುಮಾಲಿನ ಹಿರಿಯರು ಇದನ್ನು ಗಂಭೀರವಾಗಿಯೇ ತೆಗೆದುಕೊಂಡರು. ಕಣ್ಣು ಮುಚ್ಚಿ ಯೋಚಿಸಿದರು. ‘ಹುಡುಗಿ ರೂಲಿಗೆ ಅಂಜಿ ಅಂದಾಳ ಅಂತ ಇಟ್ಕಳಾಣು. ಅದನ್ನ ಬಿಟ್ಟಬಿಡಬೌದು’ ಎಂದರು. ರೇಣುಕಾ ನನ್ನ ಕೈಯನ್ನು ಬಿಗಿಯಾಗಿ ಹಿಡಿದಳು. ಮಾತು ಅಲ್ಲಿಗೆ ಮುಗಿದಿದ್ದರೆ ಅವಳನ್ನು ಆ ದಿನವೇ ಊರಿಗೆ ಕರೆದೊಯ್ಯುತ್ತಿದ್ದರು. ಆದರೆ ಹಿರಿಯರು ವೀರೇಶನ ಕಡೆ ತಿರುಗಿದರು. ‘ನೀ ಏನಂದೆಪಾ? ಸುಮ್ನಿದ್ದಿ ಹೌದಿಲ್ಲೋ?’

ಹೌದು, ನಾನೇನೂ ಅನ್ನಲಿಲ್ಲ ಎನ್ನಲು ಅವನಿಗೆ ಬಾಗಿಲು ತೆರೆದುಕೊಟ್ಟ ಹಾಗಿತ್ತು. ಅಜ್ಜಿಯೂ ಅದನ್ನೇ ಕಾಯುತ್ತಿದ್ದರು.

‘ತಂಗಿ ಅಂದೀನಿ’ ಎಂದ ವೀರೇಶ.

‘ಬಾಯಿತಪ್ಪಿ ಅಂದಿ ಏನಲೇ?’ ಎಂದು ಅಜ್ಜಿ ಕೂಗಿದರು.

‘ಇಲ್ಲಬೇ. ತಿಳದ ಅಂದೀನಿ.’

ಅಜ್ಜಿ ಕುರ್ಚಿಗೆ ಒರಗಿದರು. ನೀರು ಕೇಳಿ ಕುಡಿದರು. ಸೆರಗಿನಿಂದ ಮುಖ ಒರೆಸಿಕೊಂಡರು. ಸೋತ ಮುಖ ತೋರಿಸುವ ಹೆಂಗಸು ಅವರಲ್ಲ. ನೇರ ವಾರಿಜಾ ಮೇಡಂ ಕಡೆ ಬೆರಳು ಮಾಡಿ, ‘ಹಂಗಾರ ನನ್ನ ಮಗಗ ಹೆಣ್ಣು ನೀವ ನೋಡ್ರಿ. ನಿಮ್ಮ ಬೋರ್ಡಿನಿಂದ ಹೋತು, ನೀವ ತಂದು ಕೊಡ್ರಿ. ಈ ಹುಡುಗಿ ಪರೀಕ್ಷಿ ಬರಕಂಡು ಹಾಳಾಗಿ ಹೋಗ್ಲಿ!’ ಎಂದರು.

ಗಾಬರಿಯಲ್ಲಿ ಮೇಡಂ, ‘ಆಯ್ತು, ಆಯ್ತು, ನೋಡುವ’ ಎಂದುಬಿಟ್ಟರು.

ಮಾತು ಕೊಟ್ಟರೆ ಉಳಿಸಿಕೊಳ್ಳುವವರು ಅವರು. ಅಲ್ಲಿಂದ ಮುಂದೆ ನಮ್ಮ ಸ್ಟಾಫ್ ಮೀಟಿಂಗುಗಳ ಕೊನೆಯಲ್ಲಿ, ಕುಡಿಯುವ ನೀರಿನ ವಿಷಯ ಮುಗಿದ ಮೇಲೆ, ‘ಮತ್ತೆ, ಆ ಕುರುಗೋಡಿನ ಹುಡುಗನಿಗೆ ಯಾರಾದರೂ ಗೊತ್ತುಂಟಾ?’ ಎಂದು ಕೇಳುತ್ತಿದ್ದರು. ಖಾಸಿಂ ಸಾಬ್ ಗೇಟಿನಲ್ಲೇ ನಾಲ್ಕು ಮನೆತನ ವಿಚಾರಿಸಿದರು. ಕಡೆಗೆ ಕೊಳಗಲ್ಲಿನ ಒಂದು ಹೆಣ್ಣು ಕೂಡಿಬಂತು. ಮದುವೆಗೆ ಪ್ರಿನ್ಸಿಪಾಲರೇ ಹೋಗಿ ಅಕ್ಕಿಕಾಳು ಹಾಕಿದರು. ಹೋಗುವ ಮೊದಲು ನನ್ನನ್ನು ಗುಟ್ಟಾಗಿ ಕರೆದು, ‘ಇವಳು ಅವನಿಗೆ ಎಂತ ಸಂಬಂಧವೂ ಅಲ್ಲ ತಾನೇ?’ ಎಂದು ಖಚಿತಪಡಿಸಿಕೊಂಡರು.

ಅದೆಲ್ಲ ಆಮೇಲಿನ ಮಾತು. ಯುಗಾದಿ ಕಳೆದು ರೇಣುಕಾ ಪರೀಕ್ಷೆಗೆ ಕೂತಳು. ಮೊದಲ ದಿನ ಅವಳ ಹಾಲ್ ಟಿಕೆಟನ್ನು ನಾನೇ ಆಫೀಸಿನಿಂದ ತಂದು ಅವಳ ಕೈಗೆ ಕೊಟ್ಟೆ. ಕೊಡುವಾಗ ನನ್ನ ಕಣ್ಣು ತುಂಬಿತು, ಅದನ್ನು ಮುಚ್ಚಿಡಲು ಹೋಗಲಿಲ್ಲ. ಕೊನೆಯ ದಿನ ಇತಿಹಾಸದ ಪತ್ರಿಕೆ. ನಾನು ಗೇಟಿಗೆ ಬಂದಾಗ ಎದುರಿನ ಚಹದಂಗಡಿಯ ನೆರಳಿನಲ್ಲಿ ವೀರೇಶ ಬೈಕಿನ ಪಕ್ಕ ನಿಂತಿದ್ದ. ಅವಳ ಪೆಟ್ಟಿಗೆ, ಹಾಸಿಗೆ ಊರಿಗೆ ಒಯ್ಯಲು ಬಂದಿದ್ದನಂತೆ. ಚಹ ಕುಡಿಯಲು ಕರೆದ. ತಿಂಗಳುಗಳಿಂದ ಮನಸ್ಸಿನಲ್ಲಿದ್ದದ್ದನ್ನು ಕೇಳಿಯೇಬಿಟ್ಟೆ. ‘ಅವತ್ತು ಯಾಕಪ್ಪಾ ಹಾಗೆ ಅಂದೆ? ಆಕಿ ಮ್ಯಾಲೆ ನಿನಗ ಮನಸಿರಲಿಲ್ಲೇನು?’

ಅವನು ಚಹದ ಲೋಟವನ್ನು ಬೈಕಿನ ಸೀಟಿನ ಮೇಲಿಟ್ಟ.

‘ಸಣ್ಣಾಕಿದ್ದಾಗಿಂದ ಹೆಗಲಮ್ಯಾಲೆ ಹೊತ್ತು ಆಡಿಸೀನ್ರಿ ಮೇಡಂ. ನಾ ಬಂದ್ರ ನಕ್ಕೋತ ಓಡಿ ಬರತಿದ್ಲು. ಮನ್ಯಾಗ ಮದವಿ ಮಾತು ತಗದಾಗಿಂದ ನನ್ನ ಕಂಡ್ರ ಆಕಿ ನಗೋದ ಬಿಟ್ಟಿದ್ಲು. ಎಷ್ಟು ಬುತ್ತಿ ತಂದು ಕೊಟ್ರೂ ನಗಲಿಲ್ಲ. ಅವತ್ತು ಗೇಟಿನಾಗ ಅಣ್ಣ ಅಂದು, ಹೆದರಿಕೊಂಡು ನನ್ನ ಮುಖ ನೋಡಿದ್ಲು. ನಾನೂ ತಂಗಿ ಅಂದೆ. ಅವಾಗ ನಕ್ಕಳ್ರಿ.’